ಹಳೆಯ ಸೆಟ್ಟನ್ನೇ ಅಳತೆಗೆ ಕೊಡು

ಮಗು,

ನಿಮ್ಮಪ್ಪನ ಕೈಯಿಂದ ನಿನ್ನ ಕೈಗೆ ಬಂದ ಗಾಲ್ಫ್ ಐರನ್ ಸೆಟ್ಟಿಗೆ ವಯಸ್ಸಾಯಿತು, ಇನ್ನು ಬದಲಾಯಿಸಲೇಬೇಕು, ಆದರೆ ಹೊಸದೂ ಕೈಗೆ ಹೀಗೇ ಹೊಂದಬೇಕು, ಯಾವುದನ್ನು ಕೊಳ್ಳಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಒಂದು ಕಂಪನಿಯ ಹೆಸರು, ಒಂದು ಮಾಡೆಲಿನ ನಂಬರು ಹೇಳಿಬಿಟ್ಟರೆ ನಿನ್ನ ಓಡಾಟ ಕಡಿಮೆಯಾದೀತು. ಆದರೆ ಅದರಿಂದ ನಿನಗೆ ಬೇಕಾದದ್ದು ಸಿಗುವುದಿಲ್ಲ. ಹೊಸದು ಯಾವುದು ಎಂದು ಕೇಳುವ ಮುಂಚೆ, ಈಗ ಕೈಯಲ್ಲಿರುವುದು ಏನು ಎಂಬುದನ್ನು ತಿಳಿದುಕೊಳ್ಳಬೇಕು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಮ್ಮ ಮನೆಯ ಹೆಂಗಸರು ದರ್ಜಿಯ ಹತ್ತಿರ ಹೋಗುವಾಗ, ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಚೀಲದಲ್ಲಿಟ್ಟುಕೊಂಡೇ ಹೋಗುತ್ತಾರೆ. ಅದರ ಬಣ್ಣ ಹೋಗಿರಬಹುದು, ಹೊಲಿಗೆ ಬಿಟ್ಟಿರಬಹುದು. ಅಳತೆ ಮಾತ್ರ ಸರಿಯಾಗಿರುತ್ತದೆ. ನಿನ್ನ ಹಳೆಯ ಸೆಟ್ಟಿಗೂ ಈಗ ಅದೇ ಕೆಲಸ ಇದೆ. ಅದು ನಿನ್ನ ಅಳತೆಯ ರವಿಕೆ. ಅದನ್ನು ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಅಂಗಡಿಗೆ ಹೋದವನಿಗೆ ಅಂಗಡಿಯವನ ಅಳತೆಯೇ ಗತಿ.

ಬದಲಾವಣೆ ಬೇಕೋ ಬೇಡವೋ ಎಂಬುದನ್ನೇ ಮೊದಲು ನೋಡು. ನಿನ್ನ ಮಿಜುನೊ ಎಂಪಿ-33 ಸೆಟ್ಟಿನ 7 ಐರನ್ನನ್ನು ಕಿಟಕಿಯ ಬೆಳಕಿಗೆ ಹಿಡಿ. ಮುಖದ ನಡುವೆ, ಶಾಫ್ಟ್ ಕೂರುವ ಹೋಸೆಲ್ ಕಡೆಗೆ ಸ್ವಲ್ಪ ವಾಲಿದಂತೆ, ಹೆಬ್ಬೆರಳಗಲದ ಜಾಗದಲ್ಲಿ ಕ್ರೋಮಿನ ಹೊಳಪು ಹೋಗಿ ಬೂದು ಬಣ್ಣ ತಿರುಗಿದೆ. ಅಲ್ಲಿ ಉಗುರಾಡಿಸಿದರೆ ಗ್ರೂವ್‌ಗಳ ಅಂಚು ಸಿಗುವುದಿಲ್ಲ. ಒಂದಿಂಚು ಆಚೆ, ತುದಿಯ ಕಡೆ, ಅದೇ ಗ್ರೂವ್‌ಗಳು ಇನ್ನೂ ಉಗುರನ್ನು ತಡೆಯುತ್ತವೆ. ತಲೆಯ ತಳದ, ಅಂದರೆ ಸೋಲ್‌ನ, ಮುಂದಿನ ಅಂಚು ನಮ್ಮ ಕೆಂಪುಮಣ್ಣಿಗೆ ತಿಕ್ಕಿ ತಿಕ್ಕಿ ಸವೆದು ನುಣುಪಾಗಿದೆ. ಸವೆತ ಅಷ್ಟು ಚಿಕ್ಕ ಜಾಗದಲ್ಲಿ, ಒಂದೇ ಕಡೆ ಆಗಿದೆ ಎಂದರೆ ಚೆಂಡು ಪ್ರತಿಸಲ ಅಲ್ಲಿಗೇ ಬಂದಿದೆ ಎಂದರ್ಥ. ಆ ಕ್ಲಬ್ ನಿಮ್ಮಪ್ಪನಿಗೆ ಎಷ್ಟು ಹೊಂದಿತ್ತು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಯೇ ಗ್ರಿಪ್ ನೋಡು. ರಬ್ಬರು ಗಟ್ಟಿಯಾಗಿ ಮಿರಮಿರ ಹೊಳೆಯುತ್ತಿದ್ದರೆ ಹೊಸ ಗ್ರಿಪ್ ಹಾಕಿಸು. ಮೊದಲಿನ ಫೀಲ್ ಇಲ್ಲ ಎಂದು ಎಷ್ಟೋ ಜನ ಕೊರಗುವುದಕ್ಕೆ ಕಾರಣ ಗಟ್ಟಿಯಾದ ರಬ್ಬರು. ಗ್ರಿಪ್ ತೆಗೆಸಿದಾಗ ಶಾಫ್ಟಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ತುಕ್ಕು ಹಿಡಿದಿದೆಯೇ ನೋಡಿಸು. ತಲೆ ಚೆನ್ನಾಗಿದ್ದು ಶಾಫ್ಟ್ ಮಾತ್ರ ಕೆಟ್ಟಿದ್ದರೆ, ಅದೇ ತಲೆಗೆ ಅದೇ ಜಾತಿಯ ಹೊಸ ಶಾಫ್ಟ್ ಕೂರಿಸಬಹುದು. ಇಷ್ಟರಲ್ಲೇ ಕೆಲಸ ಮುಗಿದರೆ ನೀನು ಅದೃಷ್ಟವಂತ. ಗ್ರೂವ್ ಸವೆದು ಮಳೆಗಾಲದ ಒದ್ದೆ ಹುಲ್ಲಿನಿಂದ ಹೊಡೆದ ಚೆಂಡು ಗ್ರೀನಿನ ಮೇಲೆ ನಿಲ್ಲದೆ ಓಡುತ್ತಿದ್ದರೆ, ಆಗ ಹೊಸದರ ಯೋಚನೆ ಮಾಡು.

ಇನ್ನು ಫೀಲ್ ಎಂಬುದರ ವಿಷಯ. ಅದು ಮಾತಿಗೆ ಸಿಗದ ಮಾಯೆ ಎಂದು ಹೇಳುವವರು ಬೇಕಾದಷ್ಟು ಮಂದಿ. ಅವರ ಮಾತನ್ನು ಪೂರ್ತಿ ನಂಬಬೇಡ. ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ಇರುವ ಸಂಪರ್ಕ ಒಂದು ಸೆಕೆಂಡಿನ ಸುಮಾರು 2,000ನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಏಟಿನ ನಡುಕ ಶಾಫ್ಟಿನಲ್ಲಿ ಮೇಲೆ ಹತ್ತಿ ಬಂದು ನಿನ್ನ ಬೆರಳಿಗೆ ಗೊತ್ತಾಗುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ಒಳ್ಳೆಯ ಏಟಿನ ಸುಖ ಎನ್ನುವುದರಲ್ಲಿ ದೊಡ್ಡ ಪಾಲು ಕಿವಿಗೆ ಬೀಳುವ ಸದ್ದಿನದು. ಉಳಿದದ್ದು ಏಟಿಗೆ ಮುಂಚೆಯೇ ಕೈ ಅರಿತಿರುವ ಸಂಗತಿಗಳು: ಕ್ಲಬ್ಬಿನ ಒಟ್ಟು ತೂಕ, ಆ ತೂಕ ತಲೆಯ ಕಡೆ ಎಷ್ಟು ವಾಲಿದೆ, ಶಾಫ್ಟ್ ಎಷ್ಟು ಬಾಗುತ್ತದೆ, ಗ್ರಿಪ್ ಎಷ್ಟು ದಪ್ಪ, ಚೆಂಡಿನ ಮುಂದೆ ನಿಂತಾಗ ಕಣ್ಣಿಗೆ ಕಾಣುವ ಆಕಾರ ಎಂಥದ್ದು. ಸದ್ದು ಮತ್ತು ಆಕಾರ ಬಿಟ್ಟರೆ ಮಿಕ್ಕೆಲ್ಲವನ್ನೂ ಅಳೆಯಬಹುದು. ಅಳೆಯಬಹುದಾದದ್ದನ್ನು ಮತ್ತೆ ಮಾಡಿಸಿಕೊಳ್ಳಲೂಬಹುದು. ನಿನ್ನಂಥವರಿಗೆ ಧೈರ್ಯ ಕೊಡಬೇಕಾದ ಮಾತು ಇದು.

ನಿನ್ನ ಕಷ್ಟ ಹೊಸದೇನಲ್ಲ. ನೂರು ವರ್ಷದ ಹಿಂದೆ ಶಾಫ್ಟ್‌ಗಳು ಹಿಕರಿ ಮರದವು. ಅಮೆರಿಕದ ಗಾಲ್ಫ್ ಸಂಸ್ಥೆ ಉಕ್ಕಿನ ಶಾಫ್ಟಿಗೆ 1924ರಲ್ಲಿ ಒಪ್ಪಿಗೆ ಕೊಟ್ಟಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಒಪ್ಪಿದ್ದು 1929ರಲ್ಲಿ. ಆದರೂ ಅಮೆರಿಕದ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕೂ ದೊಡ್ಡ ಪ್ರಶಸ್ತಿ ಗೆದ್ದಾಗ ಅವರ ಕೈಯಲ್ಲಿದ್ದದ್ದು ಹಿಕರಿಯೇ. ಒಂದೊಂದೇ ಕ್ಲಬ್ಬನ್ನು ಕೈಯಲ್ಲಿ ತೂಗಿ ನೋಡಿ ಅವರು ತಮ್ಮ ಸೆಟ್ ಕೂಡಿಸಿದ್ದರು. ಮುಂದೆ ಯಾರೋ ಅದನ್ನು ಅಳತೆಗೆ ಹಾಕಿದಾಗ ಎಲ್ಲವೂ ಒಂದಕ್ಕೊಂದು ಹೊಂದಿದ್ದವಂತೆ, ಒಂದನ್ನು ಬಿಟ್ಟು. ಅವರಿಗೆ ಸದಾ ತೊಂದರೆ ಕೊಟ್ಟ ಕ್ಲಬ್ ಅದೇ ಆಗಿತ್ತಂತೆ. ಹಳಬರ ಬಾಯಲ್ಲಿ ಈ ಮಾತು ಇವತ್ತಿಗೂ ಓಡಾಡುತ್ತದೆ. ಅದೇ ಜೋನ್ಸ್ ಆಟದಿಂದ ನಿವೃತ್ತರಾಗಿ ಸ್ಪಾಲ್ಡಿಂಗ್ ಕಂಪನಿಯ ಜೊತೆ ಸೇರಿ, 1932ರಿಂದ ತಮ್ಮ ಹೆಸರಿನ ಉಕ್ಕಿನ ಶಾಫ್ಟಿನ ಕ್ಲಬ್‌ಗಳನ್ನು ಹೊರತಂದರು. ಒಂದಕ್ಕೊಂದು ಹೊಂದಿಸಿ, ನಂಬರು ಹಾಕಿದ ಸೆಟ್‌ಗಳವು. ಶಾಫ್ಟಿನ ಮೇಲೆ ಮರದ ಬಣ್ಣದ ಲೇಪನವನ್ನೂ ಕೊಟ್ಟಿದ್ದರು. ಹಿಕರಿಗೆ ಒಗ್ಗಿದ ಕಣ್ಣು ಉಕ್ಕನ್ನು ಕಂಡು ಬೆದರದಿರಲಿ ಎಂದು.

ನಿನ್ನ ಕಾಲದ ಉದಾಹರಣೆ ಬೇಕೆಂದರೆ ಟೈಗರ್ ವುಡ್ಸ್ ಅವರನ್ನು ನೋಡು. 1997ರಲ್ಲಿ ಮೊದಲ ಮಾಸ್ಟರ್ಸ್ ಗೆದ್ದಾಗ ಅವರ ಚೀಲದಲ್ಲಿದ್ದದ್ದು ಮಿಜುನೊ ಐರನ್‌ಗಳು. ಆಮೇಲೆ ಟೈಟ್ಲಿಸ್ಟ್ ಬಂತು, ನೈಕಿ ಬಂತು. ನೈಕಿ 2016ರಲ್ಲಿ ಕ್ಲಬ್ ತಯಾರಿಕೆಯನ್ನೇ ನಿಲ್ಲಿಸಿದ ಮೇಲೆ ಟೇಲರ್‌ಮೇಡ್‌ಗೆ ಹೋದರು. 2019ರಲ್ಲಿ ಮತ್ತೆ ಮಾಸ್ಟರ್ಸ್ ಗೆದ್ದದ್ದು ಅವರಿಗಾಗಿಯೇ ಮಾಡಿದ ಟೇಲರ್‌ಮೇಡ್ ಬ್ಲೇಡ್‌ಗಳಿಂದ. ತಲೆಯ ಮೇಲಿನ ಹೆಸರು ಇಷ್ಟು ಸಲ ಬದಲಾದರೂ ಒಳಗಿನ ಲೆಕ್ಕ ಹೆಚ್ಚು ಬದಲಾಗಲಿಲ್ಲ. ಶಾಫ್ಟ್ ಅದೇ ಭಾರದ ಡೈನಮಿಕ್ ಗೋಲ್ಡ್ ಎಕ್ಸ್100. ತಲೆ ಅದೇ ತೆಳ್ಳನೆಯ ಬ್ಲೇಡ್. ಕಂಪನಿಗಳು ಅವರ ಅಳತೆಗೆ ಬಂದವು. ಅವರು ಕಂಪನಿಯ ಅಳತೆಗೆ ಹೋಗಲಿಲ್ಲ. ನಿನ್ನ ಅಳತೆ ನಿನಗೆ ಗೊತ್ತಿದ್ದರೆ ನೀನೂ ಹೀಗೇ ಕೇಳಿ ಮಾಡಿಸಿಕೊಳ್ಳಬಹುದು.

ಅಳೆಯುವ ಕೆಲಸಕ್ಕೆ ಬರೋಣ. ಒಂದು ನೋಟ್‌ಪುಸ್ತಕ ತೆಗೆದುಕೋ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಪ್ರತಿ ಐರನ್ನಿನ ಒಟ್ಟು ತೂಕ ನೋಡಿ ಗ್ರಾಂನಲ್ಲಿ ಬರೆ, ಉದ್ದವನ್ನೂ ಅಳೆದು ಬರೆ. ಶಾಫ್ಟಿನ ಮೇಲಿನ ಚೀಟಿ ಓದಿ ಅದರ ಹೆಸರು, ನಂಬರು ಬರೆದುಕೋ. ನಿನ್ನ ಸೆಟ್ಟಿನಲ್ಲಿರುವುದು ಡೈನಮಿಕ್ ಗೋಲ್ಡ್ ಎಸ್300. ಕತ್ತರಿಸುವ ಮುಂಚೆ ಅದರ ತೂಕ ಸುಮಾರು 130 ಗ್ರಾಂ. ಈಗಿನ ಅನೇಕ ಸೆಟ್‌ಗಳ ಜೊತೆ ತಾನಾಗಿ ಬರುವ ಉಕ್ಕಿನ ಶಾಫ್ಟ್ 100 ಗ್ರಾಂನ ಆಸುಪಾಸು. ಗ್ರಾಫೈಟ್ ಆದರೆ ಇನ್ನೂ ಹಗುರ. ಹೊಸ ಕ್ಲಬ್ ಕೈಗೆತ್ತಿಕೊಂಡವರು ಏನೋ ಕಳೆದುಹೋದ ಹಾಗಿದೆ ಎನ್ನುವುದುಂಟು. ಕಳೆದುಹೋದದ್ದು ಬಹಳ ಸಲ ಆ 30 ಗ್ರಾಂ. ತಲೆಯ ಬಗ್ಗೆ ಎಷ್ಟೇ ತಲೆಕೆಡಿಸಿಕೊಂಡರೂ ಶಾಫ್ಟಿನ ತೂಕ ತಪ್ಪಿದರೆ ಹಳೆಯ ಲಯ ಕೂಡಿಬರುವುದಿಲ್ಲ. ಒಂದೇ ಒಂದು ಅಳತೆಯನ್ನು ಉಳಿಸಿಕೊಳ್ಳಲು ಸಾಧ್ಯ ಎಂದಾದರೆ ನಾನು ಉಳಿಸಿಕೊಳ್ಳುವುದು ಇದನ್ನೇ.

ಮುಂದಿನದು ಕ್ಲಬ್ ರಿಪೇರಿ ಮಾಡುವವರ ಹತ್ತಿರ ಆಗಬೇಕಾದ ಕೆಲಸ. ಸ್ವಿಂಗ್ ವೇಟ್ ತಕ್ಕಡಿಯಲ್ಲಿ ಹಾಕಿಸು. ತೂಕ ತಲೆಯ ಕಡೆ ಎಷ್ಟು ವಾಲಿದೆ ಎಂಬುದನ್ನು ಅದು ಹೇಳುತ್ತದೆ. ಗಂಡಸರ ಐರನ್‌ಗಳು ಸಾಮಾನ್ಯವಾಗಿ ಡಿ-0ದಿಂದ ಡಿ-4ರ ಒಳಗೆ ಇರುತ್ತವೆ. ಇದನ್ನು ಹೆಚ್ಚುಕಡಿಮೆ ಮಾಡುವುದು ಕಷ್ಟವಲ್ಲ. ತಲೆಗೆ ಸುಮಾರು 2 ಗ್ರಾಂ ಸೀಸದ ಟೇಪು ಅಂಟಿಸಿದರೆ ಒಂದು ಪಾಯಿಂಟ್ ಏರುತ್ತದೆ. ಗ್ರಿಪ್ ನಾಲ್ಕೈದು ಗ್ರಾಂ ಭಾರವಾದರೆ ಒಂದು ಪಾಯಿಂಟ್ ಇಳಿಯುತ್ತದೆ. ಕ್ಲಬ್ ಅರ್ಧ ಇಂಚು ಉದ್ದವಾದರೆ ಸುಮಾರು ಮೂರು ಪಾಯಿಂಟ್ ಏರುತ್ತದೆ. ಹಾಗೆಯೇ ಗ್ರಿಪ್ಪಿನ ಕೆಳಗೆ ಎಷ್ಟು ಸುತ್ತು ಟೇಪು ಇದೆ ಎಂದು ಕೇಳಿ ಬರೆದುಕೋ. ಬೆರಳು ಗುರುತು ಹಿಡಿಯುವುದು ಆ ದಪ್ಪವನ್ನೇ.

ಲಾಫ್ಟ್ (ಮುಖದ ಓರೆ) ಮತ್ತು ಲೈ (ನೆಲಕ್ಕೆ ಶಾಫ್ಟ್ ವಾಲುವ ಓರೆ) ಕೋನಗಳನ್ನು ಯಂತ್ರಕ್ಕೆ ಹಾಕಿಯೇ ಅಳೆಸು. ಕಂಪನಿಯ ಪಟ್ಟಿ ನೋಡಿ ಬರೆಯಬೇಡ. ನಿನ್ನದರ ಹಾಗೆ ಬಡಿದು ರೂಪಿಸಿದ, ಅಂದರೆ ಫೋರ್ಜ್ ಮಾಡಿದ, ಕ್ಲಬ್ಬಿನ ಉಕ್ಕು ಮೆತ್ತನೆಯದು. ವರ್ಷಗಟ್ಟಲೆ ನೆಲಕ್ಕೆ ಬಡಿದು ಬಡಿದು ಒಂದು, ಎರಡು ಡಿಗ್ರಿ ಸರಿದಿರುತ್ತದೆ. ಅದರ ಜೊತೆಗೆ ನಿಮ್ಮಪ್ಪ ತಮಗೆ ಬೇಕಾದ ಹಾಗೆ ಬಗ್ಗಿಸಿಕೊಂಡಿರಲೂಬಹುದು. ನಿನ್ನ ಕೈ ಒಗ್ಗಿರುವುದು ಇವತ್ತು ಈ ಕ್ಲಬ್ ಇರುವ ಸ್ಥಿತಿಗೆ, ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಅಲ್ಲ. ನಿನ್ನ ಗೆಳೆಯರಲ್ಲಿ ಯಾರ ಹತ್ತಿರವಾದರೂ 1982ರಲ್ಲಿ ಬಂದ ಪಿಂಗ್ ಐ-2 ಸೆಟ್ ಇದ್ದರೆ ಅವರಿಗೆ ಇನ್ನೊಂದು ಅನುಕೂಲ ಉಂಟು. ಅದರ ಮೇಲಿನ ಬಣ್ಣದ ಚುಕ್ಕೆಯೇ ಲೈ ಕೋನ ಯಾವುದು ಎಂದು ಹೇಳುತ್ತದೆ.

ಈ ಕೋನಗಳ ಲೆಕ್ಕ ಗೊತ್ತಿಲ್ಲದೆ ಅಂಗಡಿಗೆ ಹೋದರೆ ಏನಾಗುತ್ತದೆ ಗೊತ್ತೇ? ನಿನ್ನ ಹಳೆಯ 7 ಐರನ್ನಿನ ಲಾಫ್ಟ್ 35 ಡಿಗ್ರಿಯ ಆಸುಪಾಸು. ದೂರ ಹೋಗಲೆಂದೇ ಮಾಡಿದ ಈಗಿನ ಎಷ್ಟೋ ಸೆಟ್‌ಗಳಲ್ಲಿ 7 ಎಂದು ಬರೆದ ಕ್ಲಬ್ಬಿನ ಲಾಫ್ಟ್ 28ರಿಂದ 30 ಡಿಗ್ರಿ. ಶಾಫ್ಟೂ ಸ್ವಲ್ಪ ಉದ್ದ. ಅಂದರೆ ನಂಬರು 7 ಇದ್ದರೂ ಅದು ನಿನ್ನ 5 ಐರನ್ ಅಥವಾ 6 ಐರನ್. ಅಂಗಡಿಯ ಪರದೆಯ ಮೇಲೆ ಹದಿನೈದು, ಇಪ್ಪತ್ತು ಗಜ ಹೆಚ್ಚಿಗೆ ತೋರಿಸಿದರೆ ಸಂತೋಷವಾಗುವುದು ಸಹಜ. ಆ ಸಂತೋಷದಲ್ಲೇ ದುಡ್ಡು ಕೊಟ್ಟುಬಿಡಬೇಡ. ಲಾಫ್ಟಿಗೆ ಲಾಫ್ಟ್ ಹೋಲಿಸಿ ನೋಡು, ನಂಬರಿಗೆ ನಂಬರು ಬೇಡ. ಇನ್ನೂ ಒಂದು ಸಂಗತಿ. ಅಂಥ ಸೆಟ್ಟಿನ ಪಿಚಿಂಗ್ ವೆಜ್ 43, 44 ಡಿಗ್ರಿಗೇ ಬಂದು ನಿಲ್ಲುತ್ತದೆ. ನಿನ್ನ ಸ್ಯಾಂಡ್ ವೆಜ್ 56. ನಡುವೆ ದೊಡ್ಡ ತೆರಪು ಬೀಳುತ್ತದೆ, ಅದನ್ನು ತುಂಬಲು ಮತ್ತೊಂದು ವೆಜ್ ಕೊಳ್ಳಬೇಕಾಗುತ್ತದೆ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರುವಂತಿಲ್ಲ, ಆದ್ದರಿಂದ ಒಂದು ಸೇರಿಸಿದರೆ ಒಂದನ್ನು ಬಿಡಬೇಕು.

ದೂರವೇ ಎಲ್ಲವೂ ಅಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಇದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಅವರೂ ಒಬ್ಬರು. ಆದರೂ ಪದಕಕ್ಕೆ ಒಂದೇ ಏಟಿನ ಅಂತರದಲ್ಲಿ ನಾಲ್ಕನೆಯವರಾದರು. ತಮ್ಮ ಕ್ಲಬ್ ಚೆಂಡನ್ನು ಎಲ್ಲಿ ಇಳಿಸುತ್ತದೆ ಎಂಬುದು ಖಚಿತವಾಗಿ ಗೊತ್ತಿರುವವರ ಆಟ ಅದು. ನಿನ್ನ ಹಳೆಯ ಸೆಟ್ ನಿನಗೆ ಕೊಟ್ಟಿರುವುದೂ ಆ ಖಚಿತತೆಯನ್ನೇ. ಹತ್ತು ಗಜಕ್ಕಾಗಿ ಅದನ್ನು ಮಾರಿಕೊಳ್ಳಬೇಡ.

ಹುಡುಕುವಾಗ ಮೊದಲು ಅದೇ ವಂಶದಲ್ಲಿ ಹುಡುಕು. ಹಳೆಯ ರೀತಿಯ ಫೋರ್ಜ್ ಬ್ಲೇಡ್‌ಗಳನ್ನು ಮಿಜುನೊ ಈಚೆಗೂ ಮಾಡಿದೆ: 2019ರ ಎಂಪಿ-20, ಆಮೇಲಿನ ಮಿಜುನೊ ಪ್ರೊ 221, 241. ಎಂಪಿ-20ರಲ್ಲಿ ಕ್ರೋಮಿನ ಕೆಳಗೆ ತಾಮ್ರದ ತೆಳು ಪದರವನ್ನೂ ಕೊಟ್ಟಿದ್ದರು, ಹಳೆಯ ಕ್ಲಬ್‌ಗಳ ಮೆತ್ತನೆಯ ಏಟನ್ನು ನೆನಪಿಸಲೆಂದೇ. ಇವುಗಳ ಲಾಫ್ಟೂ ನಿನ್ನ ಹಳೆಯದಕ್ಕೆ ಹತ್ತಿರ. ಬೇರೆ ಕಂಪನಿಗಳೂ ಇಂಥವನ್ನು ಮಾಡುತ್ತವೆ, ಅವನ್ನೂ ಹಿಡಿದು ನೋಡು. ಯಾರೋ ಕಡಿಮೆ ಬಳಸಿದ ಎಂಪಿ-33 ಸೆಟ್ ಸಿಕ್ಕರೆ ಅದೂ ಒಳ್ಳೆಯ ದಾರಿ. ಆದರೆ ನಕಲಿ ಕ್ಲಬ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ತೂಕ ಹಾಕಿ, ಯಂತ್ರದಲ್ಲಿ ಕೋನ ಅಳೆಸಿ, ನಿನ್ನ ಪುಸ್ತಕದ ಲೆಕ್ಕಕ್ಕೆ ತಾಳೆಯಾದರೆ ಮಾತ್ರ ದುಡ್ಡು ಕೊಡು.

ನೋಡುವಾಗ ಸೋಲ್‌ನ ಅಗಲವನ್ನು ಮರೆಯಬೇಡ. ಕ್ಲಬ್ ನೆಲ ದಾಟುವ ರೀತಿಯೂ ಫೀಲ್‌ನ ಭಾಗವೇ. ಏಪ್ರಿಲ್‌ನಲ್ಲಿ ಕಾದು ಗಟ್ಟಿಯಾದ ಫೇರ್‌ವೇ ಮೇಲೆ ಕಿರಿದಾದ ಸೋಲ್ ಚುರುಕಾಗಿ ಜಾರುತ್ತದೆ. ಅಗಲ ಸೋಲ್ ಪುಟಿದು ಚೆಂಡಿನ ನಡುವಿಗೆ ತಾಗುವ ಭಯವಿದೆ. ಮಳೆಗಾಲದಲ್ಲಿ ಇದು ತಿರುವುಮುರುವು. ನಿನ್ನ ಹಳೆಯದರ ಸೋಲ್ ಎಷ್ಟಗಲವೋ ಅದಕ್ಕೆ ಹತ್ತಿರದ್ದನ್ನೇ ಆರಿಸು. ಗ್ರೂವ್‌ಗಳು ಮಾತ್ರ ಹಳೆಯದರಂತೆ ಇರುವುದಿಲ್ಲ. 2010ರಿಂದ ಬಂದ ನಿಯಮದ ಪ್ರಕಾರ ಹೊಸ ಐರನ್‌ಗಳ ಗ್ರೂವ್ ಅಂಚು ಮೊದಲಿನಷ್ಟು ಚೂಪಾಗಿರುವಂತಿಲ್ಲ. ದಟ್ಟ ಹುಲ್ಲಿನಿಂದ ಹೊಡೆದ ಚೆಂಡು ನಿಮ್ಮಪ್ಪನ ಕಾಲದ ಹೊಸ ಗ್ರೂವ್‌ಗಳಲ್ಲಿ ನಿಂತಷ್ಟು ಬೇಗ ಈಗ ನಿಲ್ಲುವುದಿಲ್ಲ. ಅದನ್ನು ಒಪ್ಪಿಕೊಂಡೇ ಆಡಬೇಕು.

ಪರೀಕ್ಷೆ ಮಾಡುವ ಕ್ರಮವೂ ಒಂದಿದೆ. ರೇಂಜಿನ ರಬ್ಬರ್ ಚಾಪೆಯ ಮೇಲೆ ಹೊಡೆದು ತೀರ್ಮಾನ ಮಾಡಬೇಡ. ಕ್ಲಬ್ ಚೆಂಡಿನ ಹಿಂದೆ ನೆಲಕ್ಕೆ ತಾಗಿದರೂ ಚಾಪೆ ಅದನ್ನು ಜಾರಿಸಿ ಏಟನ್ನು ಚಂದ ಮಾಡಿ ತೋರಿಸುತ್ತದೆ. ಹುಲ್ಲಿನ ಮೇಲೆ ಹೊಡೆ. ನೀನು ಆಡುವ ಚೆಂಡನ್ನೇ ಬಳಸು, ಏಕೆಂದರೆ ಚೆಂಡು ಬದಲಾದರೆ ಸದ್ದೂ ಬದಲಾಗುತ್ತದೆ. ಹಳೆಯದರಲ್ಲಿ ಎರಡು, ಹೊಸದರಲ್ಲಿ ಎರಡು, ಹೀಗೆ ಬದಲಿಸಿ ಬದಲಿಸಿ ಹೊಡೆ. ಒಳ್ಳೆಯ ಏಟು ಎಲ್ಲ ಕ್ಲಬ್ಬಿನಲ್ಲೂ ಸುಖವಾಗಿಯೇ ಇರುತ್ತದೆ. ಕೆಟ್ಟ ಏಟನ್ನು ಗಮನಿಸು. ಚೆಂಡು ಎಲ್ಲಿ ತಾಗಿತು, ತುದಿಗೋ ಹಿಮ್ಮಡಿಗೋ ಎಂದು ಹಳೆಯ ಬ್ಲೇಡ್ ನಿನ್ನ ಕೈಗೆ ತಕ್ಷಣ ಹೇಳುತ್ತಿತ್ತಲ್ಲ, ಹೊಸದೂ ಹೇಳುತ್ತದೆಯೇ? ಹೇಳುತ್ತದೆ ಎಂದಾದರೆ ನಿನಗೆ ಬೇಕಾದದ್ದು ಸಿಕ್ಕಿತು.

ಎಲ್ಲ ಕ್ಲಬ್ಬಿನಲ್ಲೂ ಹಳೆಯದನ್ನೇ ಹುಡುಕಬೇಕಾಗಿಲ್ಲ, ಮಗು. ಕೆಲವು ಕಡೆ ಹೊಸದು ನಿಜವಾಗಿಯೂ ಮೇಲು. ಪರ್ಸಿಮನ್ ಮರದ ಡ್ರೈವರ್ ಹಿಡಿದು ದೊಡ್ಡ ಪಂದ್ಯ ಗೆದ್ದವರಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಕೊನೆಯವರೆಂದು ಹೇಳುತ್ತಾರೆ, 1993ರ ಮಾಸ್ಟರ್ಸ್‌ನಲ್ಲಿ. ಮರದ ಆ ಮೆತ್ತನೆಯ ಸದ್ದು ಎಷ್ಟೇ ಇಷ್ಟವಾದರೂ ಪ್ರೊಗಳು ಅದಕ್ಕೆ ಹಿಂತಿರುಗಲಿಲ್ಲ. ಚೆಂಡು ನಡುವೆ ತಾಗದಿದ್ದರೂ 460 ಸಿಸಿಯ ಲೋಹದ ತಲೆ ಅದನ್ನು ನೆಟ್ಟಗೆ ಕಳಿಸುತ್ತದೆ. ಉದ್ದನೆಯ ಐರನ್‌ಗಳಲ್ಲೂ ಹಾಗೆಯೇ. 3, 4 ಐರನ್ ಬ್ಲೇಡ್‌ಗಳು ಅಪ್ಪನಿಗೆ ಸಲೀಸಾಗಿದ್ದವು ಎಂದು ನೀನೂ ಹಟ ಹಿಡಿಯಬೇಡ. ಅಲ್ಲಿ ಹಿಂಬದಿ ಟೊಳ್ಳಾದ, ತಪ್ಪೇಟನ್ನು ತಾಳಿಕೊಳ್ಳುವ ಕ್ಲಬ್ ತೆಗೆದುಕೋ. 6ರಿಂದ ವೆಜ್‌ವರೆಗೆ ಬ್ಲೇಡ್ ಇರಲಿ. ಶಾಫ್ಟ್ ಮತ್ತು ಗ್ರಿಪ್ ಎಲ್ಲಕ್ಕೂ ಒಂದೇ ಜಾತಿಯದಾದರೆ ಕೈಗೆ ಅವೆಲ್ಲ ಒಂದೇ ಸೆಟ್ಟಿನವು. ಈಗಿನ ಪ್ರೊಗಳಲ್ಲೂ ಅನೇಕರು ಹೀಗೆ ಬೆರೆಸಿಯೇ ಆಡುತ್ತಾರೆ.

ಆರ್ಡರ್ ಕೊಡುವಾಗ ನಿನ್ನ ಪುಸ್ತಕದ ಲೆಕ್ಕವನ್ನೇ ಬರೆಸು: ಶಾಫ್ಟ್, ಉದ್ದ, ಸ್ವಿಂಗ್ ವೇಟ್, ಲಾಫ್ಟ್, ಲೈ, ಗ್ರಿಪ್, ಟೇಪಿನ ಸುತ್ತು. ಸೆಟ್ ಬಂದ ದಿನವೇ ಮತ್ತೆ ಯಂತ್ರಕ್ಕೆ ಹಾಕಿಸಿ ನೋಡು. ಕಾರ್ಖಾನೆಯಲ್ಲಿ ಅರ್ಧ, ಒಂದು ಡಿಗ್ರಿ ಆಚೀಚೆ ಆಗುವುದುಂಟು, ಫೋರ್ಜ್ ಕ್ಲಬ್ಬನ್ನು ಬಗ್ಗಿಸಿ ಸರಿಮಾಡುವುದೂ ಸುಲಭ. ಅದಾದ ಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಅದರಲ್ಲೇ ಆಡು. ಒಂದು ವಾರ ಹೊಸದು, ಸ್ಕೋರು ಕೆಟ್ಟ ಕೂಡಲೇ ಮತ್ತೆ ಹಳೆಯದು, ಹೀಗೆ ಮಾಡಿದರೆ ಕೈ ಎರಡಕ್ಕೂ ಒಗ್ಗುವುದಿಲ್ಲ. ಅಳತೆ ಸರಿ ಇದ್ದಾಗ ಮಿಕ್ಕದ್ದನ್ನು ಕೂಡಿಸಿಕೊಳ್ಳುವುದು ಕೈಯ ಕೆಲಸ, ಅದಕ್ಕೆ ಕಾಲ ಕೊಡಬೇಕು.

ಹೊಸದಕ್ಕೆ ಕೈ ಕೂಡಿದ ಮೇಲೆ ಹಳೆಯ ಸೆಟ್ಟನ್ನು ಅಟ್ಟದ ಮೇಲೆ ತುಕ್ಕು ಹಿಡಿಸಬೇಡ. ನಿಮ್ಮಪ್ಪನನ್ನು ಕೇಳಿ, ಒಪ್ಪಿದರೆ, ಹೊಸ ಗ್ರಿಪ್ ಹಾಕಿಸಿ ಆಡುವ ಹಂಬಲವಿರುವ ಯಾವುದಾದರೂ ಕ್ಯಾಡಿ ಹುಡುಗನಿಗೆ ಕೊಡು. ಅಷ್ಟು ಭಾರದ ಶಾಫ್ಟ್ ಬೀಸುವ ತಾಕತ್ತು ಅವನಿಗಿದೆಯೇ ನೋಡಿ ಕೊಡು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದವರು. 1876ರಿಂದ ಗಾಲ್ಫ್ ಆಡುತ್ತಿರುವ ಊರು ನಮ್ಮದು. ಚೀಲ ಹೊರುವವರಿಗೂ ಅದೇ ಆಟ ಆಡುವ ದಾರಿ ಇರಬೇಕು.

ನಿನ್ನ ಪುಸ್ತಕವನ್ನು ಮಾತ್ರ ಯಾರಿಗೂ ಕೊಡಬೇಡ. ನಿನಗೂ ವಯಸ್ಸಾಗುತ್ತದೆ, ಸ್ವಿಂಗ್ ನಿಧಾನವಾಗುತ್ತದೆ, ಶಾಫ್ಟ್ ಹಗುರ ಮಾಡಿಕೊಳ್ಳಬೇಕಾದ ದಿನ ಬರುತ್ತದೆ. ಎಲ್ಲಿಂದ ಎಷ್ಟು ಇಳಿಯಬೇಕು ಎಂಬುದನ್ನು ಆಗ ಹೇಳುವುದು ಈಗ ಬರೆದಿಟ್ಟ ಲೆಕ್ಕವೇ. ಇವತ್ತು ಕೊಳ್ಳುವ ಸೆಟ್ಟೂ ಒಂದು ದಿನ ಹಳೆಯದಾಗುತ್ತದೆ; ಅದರ ಅಳತೆಯನ್ನು ಹೊಸದಾಗಿರುವಾಗಲೇ ಬರೆದಿಟ್ಟುಕೋ.

ನಿನ್ನ ದೊಡ್ಡಪ್ಪ